ಗೋಡೆಗೆ ತೂಗುಹಾಕಿದ್ದ ನೊಗ

ಘನಾನಂದ ಭಾವನವರ ಮಾಳಿಗೆಯ ಗೋಡೆಯಲ್ಲಿ ಒಂದು ನೊಗ ತೂಗುತ್ತಿತ್ತು. ನಮ್ಮ ತಲ್ಲಾ ಸಿರೋಲಿಯಲ್ಲಿ ಉಳಿದವರ ಮನೆಯ ನೊಗ ಕೊಟ್ಟಿಗೆಯ ಮೂಲೆಯಲ್ಲಿ ಸೆಗಣಿ ಮೆತ್ತಿಕೊಂಡು ಬಿದ್ದಿರುತ್ತದೆ. ಇದು ಮಾತ್ರ ದೇವರ ಪಟದ ಪಕ್ಕದಲ್ಲಿ ಸಾಸಿವೆ ಎಣ್ಣೆ ಕುಡಿದು ಮಿರಮಿರ ಮಿಂಚುತ್ತಿತ್ತು. ಯಾವ ಎತ್ತಿನ ಕುತ್ತಿಗೆಗೂ ತಾಗದ ನೊಗ ಅದು. ಪ್ರತಿ ವರ್ಷ ಗೋಧಿ ಬಿತ್ತನೆ ಮುಗಿದ ಮೇಲೆ ಬಟ್ಟೆ ಸುತ್ತಿಸಿಕೊಂಡು, ಭಾವನವರ ಹೆಗಲೇರಿ, ಬಸ್ಸು ಹತ್ತಿ ಋಷಿಕೇಶಕ್ಕೆ ಹೋಗುತ್ತಿತ್ತು. ಹೋಳಿ ಹಬ್ಬದ ಹೊತ್ತಿಗೆ ಅದೇ ದಾರಿಯಲ್ಲಿ ವಾಪಸು ಬರುತ್ತಿತ್ತು. ಬಸ್ಸಿನ ಕಂಡಕ್ಟರು ಪ್ರತಿ ಸಲವೂ ಒಂದೇ ಮಾತು ಆಡುತ್ತಿದ್ದ.

"ಪಂಡಿತ್ರೇ, ನೊಗಕ್ಕೆ ಟಿಕೀಟು ಬೇಡ ಬಿಡಿ. ಎತ್ತುಗಳು ಹಿಂದಿನ ಬಸ್ಸಲ್ಲಿ ಬರ್ತಾ ಇದಾವಾ?"

ಭಾವನವರು ಪ್ರತಿ ಸಲವೂ ಮೊದಲ ಸಲ ಕೇಳಿದವರ ಹಾಗೆ ಸಿಟ್ಟು ಮಾಡಿಕೊಳ್ಳುತ್ತಿದ್ದರು.

ನಾನು ಅವರ ಮನೆಗೆ ಗೋಡೆ ಹಂಚಿಕೊಂಡ ಮನೆಯ ಸೊಸೆ. ಅವರು ನನ್ನ ಗಂಡನ ದೊಡ್ಡಪ್ಪನ ಮಗ. ನಮ್ಮ ಬೆಟ್ಟದಲ್ಲಿ ತಮ್ಮನ ಹೆಂಡತಿ ಭಾವನೆದುರು ಬಾಯಿ ಬಿಡುವಂತಿಲ್ಲ. ಅವರು ಅಂಗಳಕ್ಕೆ ಬಂದರೆ ಸೆರಗು ಮೂಗಿನವರೆಗೆ ಇಳಿಯಬೇಕು. ಇಳಿಸಿದೆ. ಆದರೆ ನಮ್ಮ ಮನೆಗಳು ಸಾಲುಮನೆಗಳು, ನಡುಗೋಡೆ ತೆಳು, ಅಂಗಳ ಒಂದೇ. ಮಾತಾಡಬೇಡ ಅಂದವರು ಕೇಳಿಸಿಕೊಳ್ಳಬೇಡ ಅನ್ನಲಿಲ್ಲವಲ್ಲ. ಆ ಮನೆಯ ವಿಷಯ ನನಗೆ ಗೊತ್ತಿರುವಷ್ಟು ಆ ಮನೆಯ ಬೆಕ್ಕಿಗೂ ಗೊತ್ತಿರಲಿಲ್ಲ.

ಭಾವನವರು ಕಾಂಡಪಾಲ ಮನೆತನದ ಬ್ರಾಹ್ಮಣರು. ಕಡ್ಡಿಯಂಥ ಮೈ, ಉದ್ದ ಮೂಗು, ಚಹಾದ ಜೊತೆ ಬೆಲ್ಲದ ಚೂರು ಕಚ್ಚುವ ಅಭ್ಯಾಸ. ಸಂಸ್ಕೃತ ಕಾಶಿಯಲ್ಲಿ ಓದಿದ್ದರು. ಹೆಂಡತಿ ಮದುವೆಯಾದ ಎರಡನೆಯ ಚಳಿಗಾಲದಲ್ಲೇ ಜ್ವರ ಬಂದು ಹೋದಳಂತೆ, ಮತ್ತೆ ಕಟ್ಟಿಕೊಳ್ಳಲಿಲ್ಲ. ಮನೆಯಲ್ಲಿ ಇದ್ದವರು ಅವರು ಮತ್ತು ಅವರ ಅತ್ತಿಗೆ, ಸತ್ತ ಅಣ್ಣನ ಹೆಂಡತಿ, ಭಾಗೀರಥಿ ಅಕ್ಕ. ಅಕ್ಕ ಆ ಮನೆಗೆ ಬಂದಾಗ ಅವಳಿಗೇ ಒಂಬತ್ತು ವರ್ಷ. ಘನಾನಂದ ಆಗ ತೊಟ್ಟಿಲ ಕೂಸು, ತಾಯಿ ಇಲ್ಲದ ಕೂಸು. ಆಡಬೇಕಾದ ವಯಸ್ಸಿನಲ್ಲಿ ಕಂಕುಳಿಗೆ ಮಗು ಬಂತು. ಅವಳಿಗೆ ಸ್ವಂತ ಮಕ್ಕಳಾಗಲಿಲ್ಲ. ಊರಿಗೆಲ್ಲ ಪಂಡಿತ್‌ಜಿ ಆದವರು ಅವಳ ಬಾಯಲ್ಲಿ ಕಡೆಯವರೆಗೂ 'ಘನಿಯಾ'ನೇ.

ಋಷಿಕೇಶದ ಒಂದು ಆಶ್ರಮದಲ್ಲಿ ಭಾವನವರು ಚಳಿಗಾಲ ಪೂರ್ತಿ ಪಾಠ ಹೇಳುತ್ತಿದ್ದರು. ಯೋಗ ಕಲಿಯಲು ಎಲ್ಲೆಲ್ಲಿಂದಲೋ ಜನ ಬರುತ್ತಾರಲ್ಲ, ಅವರಿಗೆ ಕೈಕಾಲು ತಿರುಚುವುದನ್ನು ಕಲಿಸುವವರು ಬೇರೆ ಇದ್ದರು. ಇವರ ಕೆಲಸ ಮಾತಿನ ಅರ್ಥ ಹೇಳುವುದು. ಮೊದಲ ದಿನದ ಪಾಠ 'ಯೋಗ' ಎಂಬ ಶಬ್ದದ್ದೇ. ಅದಕ್ಕೆ ನೊಗ ಬೇಕು ಎಂದು ಅವರಿಗೆ ಯಾವಾಗ ಹೊಳೆಯಿತೋ, ನಮ್ಮೂರ ಹಲಿಯಾ ಪನೀರಾಮನಿಗೆ ಮಾಡಿಕೊಡಲು ಹೇಳಿದರು. ಹಲಿಯಾ ಎಂದರೆ ನಮ್ಮಂಥ ಬ್ರಾಹ್ಮಣರ ಹೊಲ ಉಳುವವನು, ಮರಗೆಲಸವೂ ಅವನದೇ.

"ಯಾವ ಎತ್ತಿಗೆ, ಪಂಡಿತ್ರೇ?" ಎಂದು ಕೇಳಿದನಂತೆ ಪನೀರಾಮ.

"ಎತ್ತಿಗಲ್ಲಪ್ಪಾ. ಮನಸ್ಸಿಗೆ."

"ಆಗ್ಲಿ. ಕುತ್ತಿಗೆ ಅಳತೆ ಕೊಡಿ."

ಭಾವನವರು ಅಳತೆ ಕೊಡಲಿಲ್ಲ. ಪನೀರಾಮ ತಲೆ ಕೆರೆದುಕೊಂಡು, ಕೊನೆಗೆ ಭಾಗೀರಥಿ ಅಕ್ಕನ ಎತ್ತುಗಳ ಅಳತೆಗೇ ಕೆತ್ತಿಕೊಟ್ಟ.

ನಮ್ಮಲ್ಲಿ ನೇಗಿಲು ಮುಟ್ಟುವ ಬ್ರಾಹ್ಮಣ ಬೇರೆ, ಮುಟ್ಟದ ಬ್ರಾಹ್ಮಣ ಬೇರೆ. ನಾವು ಮುಟ್ಟದವರು. ಮುಟ್ಟಿದವನು ಒಂದು ಮೆಟ್ಟಿಲು ಕೆಳಗೆ ಹೋಗುತ್ತಾನೆ. ಅವನಿಗೆ ರೊಟ್ಟಿ ಕೊಡಬಹುದು, ಅಂಗಳದಲ್ಲಿ ಕೂರಿಸಿ ಮಾತಾಡಬಹುದು. ಆದರೆ ಅವನು ನಮ್ಮ ಒಲೆಯ ಹತ್ತಿರ ಬರುವಂತಿಲ್ಲ, ಅವನ ಪಕ್ಕದಲ್ಲಿ ಕೂತು ಅನ್ನ ಉಣ್ಣುವಂತಿಲ್ಲ. ಎಲ್ಲಕ್ಕಿಂತ ಬಿಗಿ ಅನ್ನದ ನಿಯಮ. ಗಂಡಸರಲ್ಲಿ ಹೀಗಾದರೆ, ಹೆಂಗಸರ ಪಾಡು ಕೇಳಬೇಡಿ. ಗೊಬ್ಬರ ಹೊರುವವಳು ಅವಳು, ಬಿತ್ತುವವಳು, ಕಳೆ ಕೀಳುವವಳು, ಕೊಯ್ಯುವವಳು, ಎತ್ತಿಗೆ ಹುಲ್ಲು ತರಲು ಬಂಡೆ ಹತ್ತಿ ಸೊಂಟ ಮುರಿದುಕೊಳ್ಳುವವಳು ಅವಳು. ಆದರೆ ನೇಗಿಲ ಮೇಳಿ ಹಿಡಿದರೆ ಆಲಿಕಲ್ಲು ಬಿದ್ದು ಇಡೀ ಊರಿನ ಬೆಳೆ ಹಾಳಾಗುತ್ತದಂತೆ! ಎತ್ತಿಗೂ ಹೆಂಗಸಿಗೂ ಮಧ್ಯೆ ಆ ಒಂದು ಮರದ ತುಂಡು ಮಾತ್ರ ದೇವರಿಗೆ ಆಗಿಬರಲಿಲ್ಲ ನೋಡಿ.

ಈ ನಿಯಮದಲ್ಲಿ ಭಾವನವರಷ್ಟು ಬಿಗಿ ಯಾರೂ ಇರಲಿಲ್ಲ. ನಮ್ಮ ಮಾವನವರ ವರ್ಷಾಂತಿಕದ ಊಟದ ದಿನ ಅವರ ಪಕ್ಕಕ್ಕೆ ದೂರದ ನೆಂಟನೊಬ್ಬ ಬಂದು ಕೂತ. ಅನ್ನ ಬಡಿಸಿಯಾಗಿತ್ತು. ಆ ನೆಂಟನ ಅಜ್ಜ ಬರಗಾಲದಲ್ಲಿ ಒಮ್ಮೆ ನೇಗಿಲು ಹಿಡಿದಿದ್ದ ಎಂದು ಯಾರೋ ಪಿಸುಗುಟ್ಟಿದರು. ಭಾವನವರು ತಟಕ್ಕನೆ ಎದ್ದು ಕೈ ತೊಳೆದುಕೊಂಡರು. ಆ ಮನುಷ್ಯ ತುತ್ತು ಕೈಯಲ್ಲೇ ಹಿಡಿದು ಕೂತಿದ್ದ. ಆ ದಿನ ಅನ್ನ ಬಡಿಸುತ್ತಿದ್ದವಳು ಭಾಗೀರಥಿ ಅಕ್ಕ. ಅವಳು ಸೌಟು ಹಿಡಿದು ನಿಂತಲ್ಲೇ ನಿಂತಿದ್ದು ನನಗೆ ಈಗಲೂ ನೆನಪಿದೆ.

ಒಂದು ಸಂಕ್ರಾಂತಿಗೆ ನಾನೂ ನನ್ನವರೂ ಗಂಗಾಸ್ನಾನಕ್ಕೆ ಹೋದವರು ಆ ಆಶ್ರಮಕ್ಕೂ ಹೋದೆವು. ಭಾವನವರ ಪಾಠ ನಡೆದಿತ್ತು. ನಾನು ಹಿಂದೆ, ಕಂಬದ ಮರೆಗೆ ಕೂತೆ. ನೊಗ ಅವರ ಮುಂದೆ ಮಣೆಯ ಮೇಲಿತ್ತು. ಅವರು ಚೆನ್ನಾಗಿ ಹೇಳುತ್ತಿದ್ದರು, ಸುಳ್ಳು ಯಾಕೆ ಹೇಳಲಿ.

"ಯುಜ್ ಅಂದ್ರೆ ಹೂಡೋದು, ಜೋಡಿಸೋದು," ಎಂದರು. "ಹಳೇ ಮಂತ್ರಗಳಲ್ಲಿ ಕುದುರೇನ ರಥಕ್ಕೆ ಹೂಡುವಾಗ ಈ ಮಾತು ಬರುತ್ತೆ. ಯುದ್ಧದಲ್ಲಿ ಸಾಯೋ ವೀರ ರಥ ಹೂಡ್ಕೊಂಡು ಸೂರ್ಯನ ಕಡೆ ಹೋಗ್ತಾನೆ ಅನ್ನುವಾಗ್ಲೂ ಇದೇ ಮಾತು. ಆಮೇಲಾಮೇಲೆ ಕುದುರೆ ಹೋಗಿ ಇಂದ್ರಿಯ ಬಂತು, ರಥ ಹೋಗಿ ಮೈ ಬಂತು, ಲಗಾಮು ಹೋಗಿ ಮನಸ್ಸು ಬಂತು. ಕೆಲವು ಪಂಡಿತ್ರು, ಅಲ್ಲ, ಈ ಯೋಗದ ಧಾತುವೇ ಬೇರೆ, ಅದಕ್ಕೆ ಸಮಾಧಿ ಅಂತ ಅರ್ಥ ಅಂತಾರೆ. ಆ ಜಗಳ ಇನ್ನೂ ಮುಗಿದಿಲ್ಲ. ನೀವು ಬೆಳಿಗ್ಗೆ ಎದ್ದು ಬೆನ್ನು ಬಗ್ಗಿಸ್ತೀರಲ್ಲ, ಅದು ಎಲ್ಲಕ್ಕಿಂತ ಕಡೇಲಿ ಬಂದಿದ್ದು."

ಮುಂದೆ ಕೂತಿದ್ದ ಬಿಳಿ ಹುಡುಗನೊಬ್ಬ ತನ್ನ ಭಾಷೆಯಲ್ಲೂ ನೊಗಕ್ಕೆ ಹೆಚ್ಚುಕಡಿಮೆ ಇದೇ ಸದ್ದಿನ ಮಾತಿದೆ ಎಂದ. ಭಾವನವರ ಮುಖ ಅರಳಿತು. "ಇರಲೇಬೇಕು. ಒಂದೇ ಮನೆ ಮಾತುಗಳು," ಎಂದರು. ಆಗ ಗುಜರಾತಿನ ಕಡೆಯ ಒಬ್ಬ ಅಜ್ಜಿ, ಕೈಯಲ್ಲಿ ಜಪಮಾಲೆ ತಿರುಗಿಸುತ್ತಲೇ ಕೇಳಿದಳು.

"ಮಹಾರಾಜ್, ಮೊದಲನೇ ಸಲ ನೊಗ ಇಟ್ಟಾಗ ಕರು ಏನು ಮಾಡುತ್ತೆ? ನೀವು ಹೂಡುವಾಗ ನೋಡಿರ್ತೀರಲ್ಲ."

"ನಮ್ಮಲ್ಲಿ ಮುಟ್ಟೋದಿಲ್ಲ ತಾಯಿ," ಎಂದರು ಭಾವನವರು.

ಅಜ್ಜಿ "ಹೌದಾ" ಎಂದು ಜಪಮಾಲೆಗೆ ಮರಳಿದಳು. ಯಾರೋ ಕಿಸಕ್ಕೆಂದರು. ಭಾವನವರು ಆ ದಿನ ಸಂಜೆಯ ಚಹಾಕ್ಕೆ ಬೆಲ್ಲ ಮುಟ್ಟಲಿಲ್ಲ ಎಂದು ನನ್ನವರು ಹೇಳಿದರು. ಸಿಟ್ಟು ಬಂದಾಗ ಅವರು ಬೆಲ್ಲದ ಮೇಲೆ ತೀರಿಸಿಕೊಳ್ಳುತ್ತಿದ್ದರು.

ಇದಾದ ಮುಂದಿನ ಆಷಾಢದಲ್ಲಿ ಪನೀರಾಮ ಅಕ್ರೋಟದ ಮರದಿಂದ ಬಿದ್ದ. ಸೊಂಟ ಮುರಿಯಿತು. ಮಗ ಬಂದು ಅವನನ್ನು ಕೆಳಗಿನ ಹಲ್ದ್ವಾನಿ ಪೇಟೆಗೆ ಕರೆದುಕೊಂಡು ಹೋದ. ಊರಿಗೆ ಇದ್ದ ಹಲಿಯಾ ಅವನೊಬ್ಬನೇ. ಉಳಿದ ಮನೆಯವರು ಹೊಳೆಯಾಚೆಯ ಹಲಿಯಾನನ್ನು ಮೊದಲೇ ಗೊತ್ತು ಮಾಡಿಕೊಂಡರು. ಭಾಗೀರಥಿ ಅಕ್ಕನ ಸರದಿ ಬರುವ ಹೊತ್ತಿಗೆ ಮಳೆ ಕೊಚ್ಚಿ ಹೊಡೆಯಿತು. ಆ ಬೆಳೆ ತಪ್ಪಿಹೋಯಿತು. ಕೊಟ್ಟಿಗೆಯ ಹೊರಗೆ ಬಿದ್ದಿದ್ದ ಅವಳ ನೊಗವೂ ನೆನೆದು ಸೀಳಿತು.

ಅಕ್ಕನದು ಮನೆಯ ಕೆಳಗಿನ ಒಂದೇ ಹೊಲ. ಗಂಡ ಸಾಯುವ ಮೊದಲು ನಾಲ್ಕು ಜನರ ಎದುರು, ಇದು ಭಾಗೀರಥಿಯದು ಎಂದು ಹೇಳಿಹೋಗಿದ್ದ. ನಮ್ಮೂರ ಕಾಲುವೆಯ ಕಟ್ಟಳೆ ಹೀಗೆ: ಬೆನ್ನುಬೆನ್ನಿಗೆ ಎರಡು ಬೆಳೆ ಬಿತ್ತದೆ ಬಿಟ್ಟ ಹೊಲಕ್ಕೆ ನೀರಿನ ಸರದಿ ಹೋಗುತ್ತದೆ. ನೀರು ಹೋದರೆ ಆ ಕಲ್ಲುಹೊಲದಲ್ಲಿ ಮುಳ್ಳು ಬಿಟ್ಟು ಬೇರೇನೂ ಬೆಳೆಯುವುದಿಲ್ಲ. ಸರದಿ ನೋಡಿಕೊಳ್ಳುವವನು ಮುಖ್ಯಸ್ಥ ಟೀಕಾರಾಮ. ಹೋದ ಸರದಿ ಯಾರ ಹೊಲಕ್ಕೆ ಸೇರುತ್ತದೆ ಎಂದು ಕೇಳಿ. ಪಕ್ಕದ ಹೊಲಕ್ಕೆ. ಪಕ್ಕದ ಹೊಲ ಯಾರದು? ಟೀಕಾರಾಮನದೇ. ಅವನು ಕೆಟ್ಟವನೇನಲ್ಲ. ಕಟ್ಟಳೆ ತನ್ನ ಕಡೆಗಿದ್ದಾಗ ಅದನ್ನು ಬಹಳ ಗೌರವಿಸುತ್ತಿದ್ದ, ಅಷ್ಟೇ.

ಕಾರ್ತಿಕ ಮುಗಿಯುತ್ತ ಬಂತು. ಎಲ್ಲರ ಹೊಲವೂ ಬಿತ್ತನೆಯಾಯಿತು. ಅಕ್ಕ ಮನೆಮನೆಗೆ ಹೋಗಿ, "ನಿಮ್ಮ ಹಲಿಯಾನ ಒಂದು ಬೆಳಿಗ್ಗೆ ಕಳಿಸಿಕೊಡಿ" ಎಂದು ಕೇಳಿದಳು. ಎಲ್ಲರೂ "ಹೂಂ" ಎಂದರು. ಅವನು ಬರಲಿಲ್ಲ. ಭಾವನವರು ತಾವೇ ಹೊಳೆ ದಾಟಿ ಅವನ ಮನೆಗೆ ಹೋಗಿ ಬಂದರು. ಅವನ ಎತ್ತಿಗೆ ಕಾಲುಹುಣ್ಣು, ಅವನಿಗೆ ಮದುವೆಮನೆ. ಮುಂದಿನ ವಾರ ನೋಡೋಣ ಎಂದನಂತೆ. ಮುಂದಿನ ವಾರಕ್ಕೆ ಮಣ್ಣಿನ ಹದ ಹೋಗಿ ಹೊಲ ಹಂಚಿನಂತಾಗುತ್ತದೆ ಎಂದು ಯಾರಿಗೆ ಗೊತ್ತಿಲ್ಲ?

ಆ ಸಂಜೆ ಗೋಡೆಯಾಚೆ ನಡೆದ ಮಾತು ನನಗೆ ಚಾಚೂ ತಪ್ಪದೆ ಕೇಳಿಸಿತು. ನಾನು ಹಿಟ್ಟು ನಾದುತ್ತಿದ್ದೆ.

"ಘನಿಯಾ, ಈ ಹೊಲ ಒಂದೇ ನಂದು ಅಂತ ಇರೋದು," ಎಂದಳು ಅಕ್ಕ. "ಅದು ಹೋದ್ರೆ ನಾನು ಈ ಮನೇಲಿ ಬೇಯಿಸಿ ಹಾಕೋ ಹೆಂಗಸು, ಅಷ್ಟೇ."

"ಹಾಗನ್ಬೇಡ ಅತ್ತಿಗೆ. ನಾನಿದ್ದೀನಲ್ಲ."

"ಇದ್ದೀಯ. ನೀನಿರೋದು ಮಾಳಿಗೇಲಿ. ಹೊಲ ಕೆಳಗಿದೆ."

ಅಕ್ಕ ಒಲೆಗೆ ಕಟ್ಟಿಗೆ ನೂಕಿದ ಸದ್ದಾಯಿತು.

"ನಾಳೆ ನಾನೇ ಹೂಡ್ತೀನಿ," ಎಂದಳು.

ಹಿಟ್ಟಿನ ಕೈ ಹಿಟ್ಟಿನಲ್ಲೇ ನಿಂತಿತು.

"ಅತ್ತಿಗೆ! ತಲೆ ಕೆಟ್ಟಿದೆಯಾ? ಬರೋ ಚೈತ್ರದಲ್ಲಿ ಒಂದು ಆಲಿಕಲ್ಲು ಬಿದ್ರೂ ನಿನ್ನ ತಲೆಗೇ ಕಟ್ತಾರೆ. ಊರು ನಿನ್ನನ್ನ ಹೊರಗೆ ಹಾಕುತ್ತೆ."

"ಹಾಕ್ಲಿ."

"ನಾನಿಲ್ವಾ?"

"ನೀನೂ ಹಾಕ್ತೀಯ," ಎಂದಳು ಅಕ್ಕ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಉಪ್ಪು ಮುಗಿದಿದೆ ಎಂದು ಹೇಳುವಂತೆ ಹೇಳಿದಳು. ಭಾವನವರು ಎದ್ದು ತಮ್ಮ ಕೋಣೆಗೆ ಹೋದದ್ದು ಕೇಳಿಸಿತು.

ಬೆಳಿಗ್ಗೆ ಹಾಲು ಕರೆದು ಬರುವಾಗ ನೋಡುತ್ತೇನೆ, ಭಾವನವರು ನೊಗ ಹೊತ್ತು ಮೆಟ್ಟಿಲಿಳಿಯುತ್ತಿದ್ದಾರೆ. ಬಟ್ಟೆ ಸುತ್ತಿಲ್ಲ. ಧೋತರ ಮೊಣಕಾಲಿಗೆ ಎತ್ತಿ ಕಟ್ಟಿದ್ದಾರೆ. ಋಷಿಕೇಶಕ್ಕೆ ಹೊರಟವರ ವೇಷ ಅದಲ್ಲ. ಅಕ್ಕ ಕೊಟ್ಟಿಗೆಯ ಬಾಗಿಲಲ್ಲಿ ಹಗ್ಗ ಕೈಯಲ್ಲಿ ಹಿಡಿದು ನಿಂತಿದ್ದಳು. ಅವಳೂ ಹೂಡಲು ಹೊರಟವಳೇ.

"ಬಿಡು, ಆ ಹಗ್ಗ ಕೊಡು," ಎಂದರು ಭಾವನವರು.

"ಘನಿಯಾ, ನೀನು..."

"ಕೊಡು ಅಂದೆನಲ್ಲ."

ಅಕ್ಕ ಕೊಟ್ಟಳು. ಅವಳ ಮುಖದಲ್ಲಿ ಆಗ ಬಂದದ್ದು ಸಂತೋಷವೋ ಹೆದರಿಕೆಯೋ ನನಗೆ ತಿಳಿಯಲಿಲ್ಲ. ಎರಡೂ ಇದ್ದಿರಬೇಕು.

ಅವಳ ಎತ್ತುಗಳ ಹೆಸರು ಬಿಂದುವಾ ಮತ್ತು ಧೌಲಾ. ಬಿಂದುವಾನ ಹಣೆಯಲ್ಲಿ ಚುಕ್ಕಿ, ಧೌಲಾ ಹಾಲಿನ ಬಣ್ಣದವನು. ಭಾವನವರು ಅವನ್ನು ಹೊಲಕ್ಕೆ ಹೊಡೆದುಕೊಂಡು ಹೋಗಿ, ನೊಗ ಇಟ್ಟು, ಗೂಟ ಸಿಕ್ಕಿಸಿ, ಮಿಣಿ ಬಿಗಿದು, ನೇಗಿಲ ಮೇಳಿ ಹಿಡಿದು "ಹೇ!" ಎಂದರು. ಎತ್ತುಗಳು ನಡೆದವು. ನಡೆದವು ಎಂದರೆ, ಬಿಂದುವಾ ಆ ಕಡೆ, ಧೌಲಾ ಈ ಕಡೆ. ನೊಗ ಓರೆಯಾಯಿತು, ನೇಗಿಲು ಹಾರಿತು, ಎರಡೂ ಒಂದು ಸುತ್ತು ತಿರುಗಿ ಸೀದಾ ಹೋಗಿ ಹೊಲದ ಕಲ್ಲುಗೋಡೆಗೆ ಢೀ ಕೊಟ್ಟವು. ಆಮೇಲೆ ಬಿಂದುವಾ ಇನ್ನು ನನ್ನಿಂದಾಗದು ಎಂಬಂತೆ ಮಂಡಿಯೂರಿ ಕೂತುಬಿಟ್ಟ.

ಸಾಲುಮನೆಗಳ ಮಾಡಿನ ಮೇಲೆ ಜನ ಸೇರಿದರು. ಯಾವ ಹೆಂಗಸೂ ಆ ದಿನ ನೀರಿಗೆ ಹೋಗಲಿಲ್ಲ. ಹುಡುಗರು ಶಿಳ್ಳೆ ಹೊಡೆದರು. ಭಾವನವರು ಬಗ್ಗಿ ಬಿಂದುವಾನ ಕಿವಿಯಲ್ಲಿ ಏನೋ ಹೇಳುತ್ತಿದ್ದರು. ಸಂಸ್ಕೃತವೇ ಇರಬೇಕು, ಅವನು ಏಳಲಿಲ್ಲ.

"ಅಯ್ಯೋ ಹೆಡ್ಡಾ!" ಎಂದು ಕೂಗಿದಳು ಅಕ್ಕ, ಗೋಡೆಯ ಮೇಲೆ ನಿಂತು. "ಬಿಂದುವಾ ಎಡದೋನು! ಹುಟ್ಟಿದಾಗಿಂದ ಎಡದೋನು! ಧೌಲಾನ ಬಲಕ್ಕೆ ಹಾಕು! ಕಡೆ ತಪ್ಪಿಸಿ ಹೂಡಿದ್ರೆ ಅವು ಹೇಗೋ ನಡೀತವೆ?"

"ಮೊದ್ಲೇ ಹೇಳೋದಲ್ವಾ ಅತ್ತಿಗೆ?"

"ನೀನು ಕೇಳಿದ್ರೆ ತಾನೇ!"

ಮಾಡಿನ ಮೇಲಿನವರೆಲ್ಲ ಗೊಳ್ಳೆಂದರು. ನಾನೂ ಸೆರಗಿನೊಳಗೆ ನಕ್ಕೆ. ಭಾವನವರು ಬೆವರು ಒರೆಸಿಕೊಂಡು, ಮಿಣಿ ಬಿಚ್ಚಿ, ಎತ್ತುಗಳ ಕಡೆ ಬದಲಿಸಿ ಮತ್ತೆ ಹೂಡಿದರು. ಅಷ್ಟರಲ್ಲಿ ಟೀಕಾರಾಮ ಕೋಲೂರಿಕೊಂಡು ಹೊಲದಂಚಿಗೆ ಬಂದ. ಅವನು ನಗುತ್ತಿರಲಿಲ್ಲ.

"ಘನಾನಂದಾ, ಬಿಟ್ಟುಬಿಡು. ಇಷ್ಟರ ಮಟ್ಟಿಗೆ ಆದದ್ದನ್ನ ನಾವು ನೋಡಿಲ್ಲ ಅಂದ್ಕೋತೀವಿ. ಸಾಲು ಬಿದ್ರೆ ಆಯ್ತು, ಮತ್ತೆ ನಿನ್ನನ್ನ ಯಾರೂ ಪೂಜೆಗೆ ಕರೆಯಲ್ಲ."

"ಗೊತ್ತು, ಕಾಕಾ."

"ನಿನ್ನ ಅಪ್ಪ, ಅಜ್ಜ, ಒಬ್ರಾದ್ರೂ ಮುಟ್ಟಿದ್ರಾ?"

"ಇಲ್ಲ ಕಾಕಾ. ಅವರ ಹೊಲಾನೂ ಯಾರೋ ಉಳ್ತಿದ್ರು," ಎಂದರು ಭಾವನವರು. ಕುಳ ಮಣ್ಣಿಗೆ ಒತ್ತಿದರು. "ನೀವು ಸ್ವಲ್ಪ ಆ ಕಡೆ ನಿಂತ್ಕೊಳ್ಳಿ. ನನಗೆ ತಿರುಗಿಸೋಕೆ ಬರಲ್ಲ."

ಟೀಕಾರಾಮ ಆ ಕಡೆ ಸರಿದ. ಬೇರೆ ಏನು ಮಾಡುತ್ತಾನೆ?

ಸಾಲು ಬಿತ್ತು. ಹಾವು ಹರಿದ ಹಾಗೆ ಸೊಟ್ಟಗೆ ಬಿತ್ತು. ಎರಡನೆಯದು ಅದಕ್ಕಿಂತ ಸೊಟ್ಟ. ಮಧ್ಯಾಹ್ನದ ಹೊತ್ತಿಗೆ ಮಾಡಿನ ಮೇಲೆ ನಗುವವರು ಉಳಿದಿರಲಿಲ್ಲ. ಒಬ್ಬೊಬ್ಬರೇ ಮುಖ ತಿರುಗಿಸಿಕೊಂಡು ಒಳಗೆ ಹೋಗಿದ್ದರು. ಭಾವನವರ ಅಂಗೈ ಬೊಬ್ಬೆ ಒಡೆದು ಮೇಳಿಗೆ ರಕ್ತ ಅಂಟಿತ್ತು. ಅಕ್ಕ ಅವರ ಹಿಂದೆಯೇ ಬೀಜ ಚೆಲ್ಲುತ್ತ ನಡೆಯುತ್ತಿದ್ದಳು. ಬಿತ್ತುವುದು ಹೆಂಗಸರ ಕೆಲಸ, ಅದಕ್ಕೆ ಅಡ್ಡಿಯಿಲ್ಲವಲ್ಲ. ಅಡ್ಡಾದಿಡ್ಡಿ ಸಾಲಿನಲ್ಲಿ ಅವರಿಬ್ಬರೂ ಎತ್ತುಗಳೂ ಹೋಗಿಬಂದು ಹೋಗಿಬಂದು ಸಂಜೆಗೆ ಹೊಲ ಮುಗಿಯಿತು.

ಮುಂದಿನದನ್ನು ಹೇಳುವಾಗ ನನಗೆ ಈಗಲೂ ಮೈ ಉರಿಯುತ್ತದೆ.

ಭಾವನವರು ಬಂಡೆಯಿಂದ ನೀರು ಬೀಳುವ ಧಾರೆಗೆ ಹೋಗಿ ಮಿಂದರು. ಜನಿವಾರ ಬದಲಿಸಿದರು. ಒದ್ದೆ ತಲೆಯಲ್ಲೇ ಮೆಟ್ಟಿಲು ಹತ್ತಿ ಅಡುಗೆಕೋಣೆಯ ಹೊಸಿಲಿಗೆ ಬಂದರು. ಇಡೀ ದಿನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಒಳಗೆ ಅನ್ನ ಬೇಯುತ್ತಿದ್ದ ವಾಸನೆ ನನ್ನ ಕೋಣೆಗೂ ಬರುತ್ತಿತ್ತು.

"ಅಲ್ಲೇ ನಿಲ್ಲು, ಘನಿಯಾ," ಎಂದಳು ಅಕ್ಕ.

ಅವರು ನಿಂತಿರಬೇಕು.

"ಒಳಗೆ ಬರಬೇಡ. ರೊಟ್ಟಿ ಮಾಡಿದ್ದೀನಿ. ಅಂಗಳಕ್ಕೆ ತಂದುಕೊಡ್ತೀನಿ."

"ಅತ್ತಿಗೆ..."

"ಆ ಊಟದ ದಿನ ಎದ್ದು ಕೈ ತೊಳೆದೋನು ನೀನೇ ಅಲ್ವಾ? ಅನ್ನ ಬಡಿಸ್ತಿದ್ದೋಳು ನಾನು. ಈ ಒಲೆ ಹೇಗೆ ಕಾಯಬೇಕು ಅಂತ ಒಂಬತ್ತು ವರ್ಷದೋಳಿಗೆ ಹೊಡೆದು ಕಲಿಸಿದ್ದಾರೆ. ನನಗೆ ಬೇರೆ ಏನೂ ಕಲಿಸಿಲ್ಲ, ಕಣೋ." ಅನ್ನದ ಪಾತ್ರೆಗೆ ಮುಚ್ಚಳ ಮುಚ್ಚಿದ ಸದ್ದಾಯಿತು. "ನಾನೇನು ಮಾಡ್ಲಿ ಹೇಳು."

"ಏನೂ ಬೇಡ. ನೀನು ಹೇಳಿದ್ದು ಸರಿಯಾಗೇ ಇದೆ," ಎಂದರು ಭಾವನವರು. ಕೆಳಗಿಳಿದು ಅಂಗಳದ ಕಲ್ಲಿನ ಮೇಲೆ ಕೂತರು. ಅಕ್ಕ ರೊಟ್ಟಿ, ಗಹತ ಎಂಬ ಹುರುಳಿಯ ಬೇಳೆ ತಂದು ಅವರ ಮುಂದಿಟ್ಟು, ಮುಖ ನೋಡದೆ ಮೇಲೆ ಹೋದಳು. ಅವರು ಬೊಬ್ಬೆಗೈಯಲ್ಲಿ ರೊಟ್ಟಿ ಮುರಿಯಲು ಒದ್ದಾಡುವುದನ್ನು ನಾನು ಕಿಟಕಿಯಿಂದ ನೋಡಿದೆ. ನನಗೆ ಬಂದ ಕೋಪಕ್ಕೆ ಕೈಯಲ್ಲಿದ್ದ ಲಟ್ಟಣಿಗೆಯಿಂದ ಗೋಡೆಗೆ ನಾಲ್ಕು ಬಾರಿಸಿದೆ. "ಏನು ಸದ್ದು?" ಎಂದು ನನ್ನವರು ಕೇಳಿದರು. "ಇಲಿ" ಎಂದೆ.

ಅವಳ ಹೊಲ ಉಳಿಸಲು, ಅವಳನ್ನು ಊರು ಹೊರಗೆ ಹಾಕದಿರಲಿ ಎಂದು, ಈ ಮನುಷ್ಯ ತನ್ನನ್ನೇ ಹೊರಗೆ ಹಾಕಿಕೊಂಡ. ಅವನಿಗೆ ಒಂದು ತುತ್ತು ಅನ್ನ ಹಾಕಲು ಅವಳಿಗೆ ಕೈ ಬರಲಿಲ್ಲ. ಆ ಚಳಿಗಾಲದಲ್ಲಿ ನಾನು ಅಕ್ಕನ ಜೊತೆ ಸರಿಯಾಗಿ ಮಾತಾಡಲಿಲ್ಲ. ಹುಲ್ಲಿಗೆ ಹೋಗುವಾಗ ಅವಳು ಮುಂದೆ ಹೋದರೆ ನಾನು ಹಿಂದೆ ಉಳಿದೆ. ಅವಳು ಕಾರಣ ಕೇಳಲಿಲ್ಲ.

ಟೀಕಾರಾಮ ಹೇಳಿದ್ದು ಹಾಗೆಯೇ ಆಯಿತು. ಊರಿನಲ್ಲಿ ನಾಮಕರಣವಾಯಿತು, ತಿಥಿಯಾಯಿತು. ಮಂತ್ರ ಹೇಳಲು ಪಕ್ಕದೂರಿನಿಂದ ತೊದಲುವವನೊಬ್ಬನನ್ನು ಕರೆಸಿದರು. ಭಾವನವರು ತಮ್ಮ ಅಂಗಳದಲ್ಲಿ ಕೂತು ಅವನ ತಪ್ಪುಗಳನ್ನು ಕೇಳಿ ಹಲ್ಲು ಕಡಿಯುತ್ತಿದ್ದರು. ಆಮೇಲೆ ನೊಗ ಹೊತ್ತು ಋಷಿಕೇಶಕ್ಕೆ ಹೋದರು. ಅಲ್ಲಿ ನೇಗಿಲು ಮುಟ್ಟಿದರೆಷ್ಟು, ಬಿಟ್ಟರೆಷ್ಟು, ಕೇಳುವವರು ಯಾರು?

ಹೋಳಿ ಹಬ್ಬಕ್ಕೆ ವಾಪಸು ಬಂದರು. ನನ್ನವರ ಜೊತೆ ಅಂಗಳದಲ್ಲಿ ಕೂತು ಆ ವರ್ಷದ ಪಾಠದ ವಿಷಯ ಹೇಳುತ್ತಿದ್ದರು.

"ಈ ಸಲ ಪಾಠ ಬೇಗ ಮುಗೀತು ಕಣೋ. ನೊಗಾನ ಎಲ್ಲರ ಕೈಗೂ ಕೊಟ್ಟೆ. ಮೂಸಿ ನೋಡಿ ಅಂದೆ."

"ಮೂಸೋದಾ? ಏನು ವಾಸನೆ ಬಂತಂತೆ?"

"ಎತ್ತಿನ ಬೆವರು. ಇನ್ನೇನು? ಎಣ್ಣೆ ಒರೆಸೋದು ಬಿಟ್ಟಿದ್ದೀನಿ." ಅಂಗೈಯ ಬೊಬ್ಬೆ ಕಲೆ ಸವರುತ್ತ ಹೇಳಿದರು. "ಜೋಡಿಸೋದು, ಜೋಡಿಸೋದು ಅಂತ ಇಷ್ಟು ವರ್ಷ ಸಲೀಸಾಗಿ ಹೇಳಿಬಿಡ್ತಿದ್ದೆ. ಜೋಡಿಸಿದ್ಮೇಲೆ ಎರಡು ಕುತ್ತಿಗೇನೂ ಉಜ್ಜುತ್ತೆ ಅನ್ನೋದು ಯಾವ ವ್ಯಾಕರಣದಲ್ಲೂ ಇರಲಿಲ್ಲ."

ಹೋಳಿಗೂ ಅವರಿಗೆ ಊಟ ಅಂಗಳದಲ್ಲೇ ಆಯಿತು. ರೊಟ್ಟಿಯೇ. ಅವರು ಒಂದು ದಿನವೂ ಅನ್ನ ಕೇಳಲಿಲ್ಲ. ಅಕ್ಕ ಅವರು ತಿಂದು ಮುಗಿಸುವವರೆಗೆ ಮೆಟ್ಟಿಲ ಮೇಲೆ ನಿಂತಿರುತ್ತಿದ್ದಳು. ತಾನು ಉಣ್ಣುತ್ತಿದ್ದಳೋ ಇಲ್ಲವೋ, ಆ ಚಳಿಗಾಲದಲ್ಲಿ ಅವಳ ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು.

ವೈಶಾಖದಲ್ಲಿ ಗೋಧಿ ಬಂತು. ಸೊಟ್ಟ ಸಾಲಿನ ಗೋಧಿ ಸೊಟ್ಟಗೆ ನಿಂತಿತ್ತು, ಕಾಳು ಮಾತ್ರ ಎಲ್ಲರ ಹೊಲದಷ್ಟೇ ದಪ್ಪ. ಕೊಯ್ಲಿನ ದಿನ ಟೀಕಾರಾಮ ಬಂದು, "ನೀರಿನ ಸರದಿ ನಿಂದೇ, ಭಾಗೀರಥೀ. ನಾನೇನೂ ಅಡ್ಡಿ ಮಾಡಲ್ಲ" ಎಂದು ಹೇಳಿ ಹೋದ. ಆಲಿಕಲ್ಲು ಬೀಳಲಿಲ್ಲ. ಗಂಡಸು ಹಿಡಿದ ನೇಗಿಲಿಗೆ ಬೀಳುವುದಿಲ್ಲವಂತೆ.

ಹೊಸ ಗೋಧಿಯ ದಿನ ನಮ್ಮಲ್ಲಿ ಊರ ಭೂಮಿಯಾ ದೇವರಿಗೆ ಮುಡಿಪು ಒಪ್ಪಿಸಿ, ಮನೆಯಲ್ಲಿ ಪೂರಿ ಕರಿಯುತ್ತಾರೆ. ಮನೆಯವರೆಲ್ಲ ಒಲೆಯ ಸುತ್ತ ಕೂತು ತಿನ್ನುತ್ತಾರೆ. ಆ ಬೆಳಿಗ್ಗೆ ಇಡೀ ಸಾಲುಮನೆಯಲ್ಲಿ ಎಣ್ಣೆಯ ವಾಸನೆ. ಭಾವನವರು ದೇವರಿಗೆ ಕೈಮುಗಿದು ಬಂದು, ಅಭ್ಯಾಸದಂತೆ ಅಂಗಳದ ಕಲ್ಲಿನ ಮೇಲೆ ಬೆನ್ನು ಮಾಡಿ ಕೂತಿದ್ದರು. ನಾನು ನಮ್ಮ ಬಾಗಿಲಲ್ಲಿ ಕಾಳು ಹಸನು ಮಾಡುತ್ತಿದ್ದೆ. ಅವರನ್ನು ಕಂಡು ಸೆರಗು ಇಳಿಸಿದೆ.

ಅಕ್ಕ ಮೆಟ್ಟಿಲಿಳಿದು ಬಂದಳು. ಕೈಯಲ್ಲಿ ಕಬ್ಬಿಣದ ಸಲಿಕೆ, ಅದರ ತುಂಬ ಒಲೆಯ ಕೆಂಡ. ಅಂಗಳದ ನಡುವೆ ಮೂರು ಕಲ್ಲು ಹೂಡಿ ಕೆಂಡ ಸುರಿದಳು. ಮತ್ತೆ ಮೇಲೆ ಹೋದಳು. ಅನ್ನದ ಪಾತ್ರೆ ತಂದಳು, ಭಟ್ಟ್ ಎಂಬ ಕರಿ ಸೋಯಾಕಾಳಿನ ಸಾರಿನ ಪಾತ್ರೆ ತಂದಳು, ಉಪ್ಪು ತಂದಳು. ಒಳಗಿನ ಒಲೆಗೆ ನೀರು ಚಿಮುಕಿಸಿ ಆರಿಸಿದ್ದೂ ಕೇಳಿಸಿತು. ಹೊಸ ಗೋಧಿಯ ದಿನ, ಎಲ್ಲರ ಮನೆಯಲ್ಲಿ ಪೂರಿ ಕರಿಯುವ ದಿನ, ಅವಳು ಅನ್ನ ಬೇಯಿಸಲು ಕೂತಳು, ಎಲ್ಲರೂ ನೋಡುವ ಹಾಗೆ.

ಅನ್ನ ಬೆಂದಿತು. ಎರಡು ತಟ್ಟೆಗೆ ಬಡಿಸಿದಳು. ಅಷ್ಟರಲ್ಲಿ ಟೀಕಾರಾಮ ದೇವಸ್ಥಾನದಿಂದ ಆ ದಾರಿಯಲ್ಲೇ ಬಂದವನು ಗಕ್ಕನೆ ನಿಂತ.

"ಭಾಗೀರಥೀ, ಇದೇನು? ಅವನ ಜೊತೆ ಅನ್ನ ಉಂಡ್ರೆ ನಾಳೆ ನಿನ್ನ ಕೈಯಿಂದ ನೀರು ಮುಟ್ಟೋರು ಯಾರು?"

"ಅವನನ್ನ ಒಳಗೆ ಬರಬೇಡ ಅಂದಿದ್ದು ನಿಜ," ಎಂದಳು ಅಕ್ಕ, ತಲೆ ಎತ್ತದೆ. "ನಾನು ಹೊರಗೆ ಬರಬಾರ್ದು ಅಂತ ಯಾರೂ ಹೇಳಿರಲಿಲ್ಲ."

ಟೀಕಾರಾಮ ಕೋಲೂರಿಕೊಂಡು ಮುಂದೆ ಹೋದ. ಭಾವನವರು ತಿರುಗಿ ನೋಡಿ, ಕಲ್ಲಿನಿಂದ ಎದ್ದು ನಿಂತಿದ್ದರು. ಎರಡು ತಟ್ಟೆ ಅಕ್ಕಪಕ್ಕ ಇಟ್ಟಿದ್ದಳು. ಅವರ ಕೈ ಎಲ್ಲಿಡಬೇಕೆಂದು ತಿಳಿಯದೆ ಧೋತರದ ಅಂಚನ್ನು ಹಿಂಡುತ್ತಿತ್ತು. ನನ್ನ ಕಣ್ಣಲ್ಲಿ ನೀರು ತುಂಬಿ ಮೊರದಲ್ಲಿ ಕಾಳು ಯಾವುದು ಕಲ್ಲು ಯಾವುದು ಕಾಣಲಿಲ್ಲ.

"ಅತ್ತಿಗೆ," ಎಂದರು ಭಾವನವರು. "ನಾನು ಯಾವ ಕಡೆ ಕೂತ್ಕೊಳ್ಳಲಿ?"

"ಎಡಕ್ಕೆ ಕೂತ್ಕೋ, ಹೆಡ್ಡಾ," ಎಂದಳು ಅಕ್ಕ. "ಕಡೆ ತಪ್ಪಿ ಕೂತ್ರೆ ಇಬ್ರೂ ಹೋಗಿ ಗೋಡೆಗೆ ಗುದ್ತೀವಿ."

ಭಾವನವರು ಎಡಕ್ಕೆ ಕೂತರು. ಅಕ್ಕ ಅವರ ಪಕ್ಕಕ್ಕೆ ಕೂತು, ಅನ್ನ ಕಲೆಸಿ, ಮೊದಲ ತುತ್ತು ತಾನೇ ಬಾಯಿಗಿಟ್ಟಳು.